ಬಾವಿಯ ಹನ್ನೊಂದು ಮೆಟ್ಟಿಲು

ಎರೆಹೊಲಗಳ ನಡುವೆ, ಹಳ್ಳದ ದಂಡೆಗೆ ಒಂದು ಸಣ್ಣ ಮಠ. ಮಠಕ್ಕೆ ಒಬ್ಬ ಗುರು, ಒಬ್ಬ ಶಿಷ್ಯ, ಒಂದು ಬಾವಿ. ಕಥೆಗೆ ಇಷ್ಟು ಸಾಕು. ಆದರೆ ಅಡುಗೆಯ ಕಲ್ಲವ್ವನನ್ನು ಬಿಟ್ಟು ಹೇಳಿದರೆ ಅವಳು ನನ್ನನ್ನು ಸುಮ್ಮನೆ ಬಿಡುವವಳಲ್ಲ, ಅವಳನ್ನೂ ಸೇರಿಸಿಕೊಳ್ಳಿ.

ಗುರುಗಳ ಹೆಸರು ರೇವಣಜ್ಜ. ಊರ ಮಂದಿಗೆ ಬರೀ ಅಜ್ಜಾರು. ವಯಸ್ಸು ಎಂಬತ್ತರ ಹತ್ತಿರ. ಮಾತು ಕಡಿಮೆ, ಹಲ್ಲು ಅದಕ್ಕಿಂತ ಕಡಿಮೆ.

ಶಿಷ್ಯ ದ್ಯಾಮಣ್ಣ. ಒಂದು ಕಾಲಕ್ಕೆ ಪ್ಯಾಟಿಯಲ್ಲಿ ಮೋಟಾರು ರಿಪೇರಿ ಮಾಡುತ್ತಿದ್ದವನು. ಕೈ ಚಲೋ ಇತ್ತು, ಕುಡಿತ ಕೆಟ್ಟದಿತ್ತು. ಕೆಲಸ ಹೋಯಿತು, ಹೆಂಡತಿ ತವರಿಗೆ ಹೋದಳು, ಕಡೆಗೆ ಮರ್ಯಾದೆಯೂ ಹೋಯಿತು. ಯುಗಾದಿಯ ಮುಂಚಿನ ಒಂದು ಸುಡು ಮಧ್ಯಾಹ್ನ ಈ ಮಠದ ಕಟ್ಟೆಯ ಮೇಲೆ ಬಂದು ಬಿದ್ದಿದ್ದ.

ಅಜ್ಜಾರು ಬೈಯಲಿಲ್ಲ. ಬುದ್ಧಿ ಹೇಳಲಿಲ್ಲ. ಬಾವಿಯಿಂದ ಒಂದು ತಂಬಿಗೆ ನೀರು ತಂದು, ಅವನ ತಲೆ ಎತ್ತಿ ಹಿಡಿದು ಕುಡಿಸಿದರು.

ಆ ನೀರು ಕುಡಿದವನು ಮುಂದೆ ಬೇರೆ ಏನನ್ನೂ ಕುಡಿಯಲಿಲ್ಲ. ಅದಾಗಿ ಎರಡು ವರ್ಷ.

ಅದಕ್ಕೇ ದ್ಯಾಮಣ್ಣನಿಗೆ ಅದು ಬಾವಿಯಲ್ಲ, ಗಂಗವ್ವ. ಮಠದ ನೀರಿನ ಕೆಲಸವೆಲ್ಲ ಅವನು ಕೇಳಿ ಪಡೆದದ್ದು. ಮೋಟಾರು ಅವನದು, ಪೈಪು ಅವನದು, ಮಾಳಿಗೆ ಮೇಲಿನ ನೀರಿನ ಟಾಕಿ ಅವನದು.

ಪ್ರತಿ ಶುಕ್ರವಾರ ನಸುಕಿನಲ್ಲಿ ಸ್ನಾನ ಮಾಡಿ ಬಾವಿಗೆ ಉಡಿ ತುಂಬುತ್ತಿದ್ದ. ರವಿಕೆಯ ಹೊಸ ಖಣದಲ್ಲಿ ಒಂದು ಕೊಬ್ಬರಿ ಬಟ್ಟಲು, ಐದು ಉತ್ತತ್ತಿ, ಐದು ಅರಿಷಿಣದ ಕೊಂಬು. ತೇಲಿದರೆ ಅವ್ವ ಒಲ್ಲೆ ಅಂದ ಹಾಗೆ ಎಂದು ಅವನ ಲೆಕ್ಕ. ಅದಕ್ಕೆ ಒಂದು ಕಲ್ಲನ್ನೂ ಸೇರಿಸಿ ಗಂಟು ಕಟ್ಟುತ್ತಿದ್ದ. ಗಂಟು ಬುಳುಕ್ಕನೆ ಮುಳುಗುವಾಗ ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದ.

"ಅವ್ವಾ, ನೀ ಇಲ್ಲಾಂದ್ರ ನಾ ಇರ್ತಿದ್ದಿಲ್ಲ."

ಇದು ಅವನಿಗೂ ಬಾವಿಗೂ ನಡುವಿನ ವ್ಯವಹಾರ. ಮೂರನೆಯವರಿಗೆ ಗೊತ್ತಿಲ್ಲ ಎಂದು ಅವನು ತಿಳಿದುಕೊಂಡಿದ್ದ.

ಈ ವರ್ಷ ಸಂಕ್ರಾಂತಿ ದಾಟಿದ ಮೇಲೆ ನೀರಿಗೆ ಏನೋ ಆಯಿತು.

ಮೊದಲು ಕಲ್ಲವ್ವ ಐವತ್ತು ರೊಟ್ಟಿ ಬಡಿಯುವುದರೊಳಗೆ ಟಾಕಿ ತುಂಬುತ್ತಿತ್ತು. ಈಗ ಅವಳು ರೊಟ್ಟಿ ಬಡಿದು, ಪಲ್ಯ ಮಾಡಿ, ಉಂಡು, ಒಂದು ನಿದ್ದೆ ತೆಗೆದರೂ ಟಾಕಿ ಅರ್ಧ ಆಗುತ್ತಿರಲಿಲ್ಲ. ಮೋಟಾರು ತಿರುಗುತ್ತಿತ್ತು, ನೀರು ಮಾತ್ರ ಬೆರಳು ಗಾತ್ರ ಬರುತ್ತಿತ್ತು. ದಿನಾ ಬೆಳಿಗ್ಗೆ ಪೈಪು ಗಾಳಿ ಹಿಡಿದಿರುತ್ತಿತ್ತು. ಎರಡು ಕೊಡ ನೀರು ಸುರಿಯದೆ ಒಂದು ಹನಿಯೂ ಮೇಲೆ ಏರುತ್ತಿರಲಿಲ್ಲ.

ಇದರ ಮೇಲೆ ನೀರಿಗೆ ಒಂದು ನಮೂನೆ ವಾಸನೆ.

"ದ್ಯಾಮಣ್ಣಾ, ನಿನ್ನ ಗಂಗವ್ವ ಮೈ ತೊಳಕೊಂಡು ಎಷ್ಟು ದಿನ ಆತೋ?" ಎಂದು ಕಲ್ಲವ್ವ ಮೂಗಿಗೆ ಸೆರಗು ಹಿಡಿದಳು.

"ಯಕ್ಕಾ, ಹಂಗನಬ್ಯಾಡ. ಟಾಕೀದು ವಾಸನಿ ಅದು."

ಅವನು ಟಾಕಿಗಿಳಿದು ಉಜ್ಜಿ ತೊಳೆದ. ಬ್ಲೀಚಿಂಗ್ ಪುಡಿ ಹಾಕಿದ. ವಾಸನೆ ಎರಡು ದಿನ ಹೋಗಿ ಮೂರನೇ ದಿನ ಬಂತು.

ಅಷ್ಟರಲ್ಲಿ ಊರ ಫಕೀರಗೌಡ್ರು ಬಂದರು. ಅವರ ಮಗಳ ಹೆರಿಗೆ ಕಷ್ಟದ್ದಾಗಿ, ತಾಯಿ ಕೂಸು ಇಬ್ಬರೂ ಉಳಿದಿದ್ದರು. ಮಠಕ್ಕೆ ಏನಾದರೂ ಮಾಡಿಸುತ್ತೇನೆ ಎಂದು ಗೌಡ್ರು ಹರಕೆ ಹೊತ್ತಿದ್ದರು.

"ಅಜ್ಜಾರ, ಬೋರ್ ಹಾಕಸ್ತೀನ್ರೀ. ಗಾಡಿಗೆ ಹೇಳೀನಿ. ಈ ಬಾವಿ ಸತ್ತೈತಿ. ನನ್ನ ಹೊಲದ ಮಣ್ಣು ತಂದು ಮುಚ್ಚಿಬಿಡೂಣು."

ಅಲ್ಲೇ ಇದ್ದ ದ್ಯಾಮಣ್ಣ ಕೆಲಸ ಬಿಟ್ಟು ಹತ್ತಿರ ಬಂದ.

"ಇಲ್ಲಿ ಬೋರಿನ ನೀರು ಸವಳ್ರೀ ಗೌಡ್ರ. ಬ್ಯಾಳಿ ಬೇಯೂದಿಲ್ಲ," ಎಂದಳು ಕಲ್ಲವ್ವ.

"ಇರೋ ನೀರು ನಾರೂದಕ್ಕಿಂತ ಸವಳಾದ್ರೂ ಆಗಲಿ ಬಿಡವಾ."

ಅಜ್ಜಾರು ನಶ್ಯ ಏರಿಸಿದರು, ಸೀನಿದರು, ಮೂಗು ಒರೆಸಿಕೊಂಡರು.

"ನೀರಿನ ಕೆಲಸ ದ್ಯಾಮಣ್ಣಂದು. ಅಂವ ಹೂಂ ಅಂದ್ರ ಹೂಂ."

ಎಲ್ಲರೂ ದ್ಯಾಮಣ್ಣನ ಕಡೆ ನೋಡಿದರು.

"ಅಮಾಸಿ ತನಕ ತಡೀರಿ ಗೌಡ್ರ," ಅಂದ ಅವನು. "ಅಷ್ಟರಾಗ ನೀರು ಸುದ್ದ ಬರಲಿಲ್ಲಂದ್ರ ನಾನ ಮೊದಲನೇ ಬುಟ್ಟಿ ಮಣ್ಣು ಹಾಕ್ತೀನಿ."

ಯುಗಾದಿ ಅಮಾವಾಸ್ಯೆಗೆ ಇನ್ನು ನಾಲ್ಕು ದಿನ. ಅವತ್ತು ಮಠದಲ್ಲಿ ದಾಸೋಹ, ಐನೂರು ಮಂದಿ ಊಟಕ್ಕೆ ಬರುತ್ತಾರೆ.

ಸಂಜೆ ದ್ಯಾಮಣ್ಣ ಅಜ್ಜಾರ ಮುಂದೆ ಬಂದು ಕುಂತ. ಅವರು ಕಲ್ಲವ್ವನ ಮೊರದಲ್ಲಿ ಬೇಳೆ ಆರಿಸುತ್ತಿದ್ದರು.

"ಅಜ್ಜಾರ, ಬಾವಿ ಸೆಲಿ ಬತ್ತೈತಿ ಅನಸ್ತೈತ್ರೀ."

"ಎಷ್ಟು ಮೆಟ್ಲ ಕಾಣ್ತಾವ?"

"ಎಣಿಸಿಲ್ರೀ."

"ಎಣಿಸಿ ಬಾ."

ಹೋದ, ಬಂದ. "ಹನ್ನೊಂದು ಅದಾವ್ರೀ. ಆಮ್ಯಾಲ ನೀರು."

"ನೀ ಮಠಕ್ಕ ಬಂದಾಗ ಎಷ್ಟಿದ್ದೂ?"

ದ್ಯಾಮಣ್ಣನಿಗೆ ಅದು ಮರೆಯುವ ಸಂಖ್ಯೆಯಲ್ಲ. ಬಂದ ಹೊಸದರಲ್ಲಿ ಕೈ ನಡುಗುತ್ತಿತ್ತು, ಹೆಂಡದ ನೆನಪು ಕಾಡುತ್ತಿತ್ತು. ಆಗೆಲ್ಲ ಬಾವಿಯ ಬಾಯಿಗೆ ಕುಂತು ಮೆಟ್ಟಿಲು ಎಣಿಸುತ್ತಿದ್ದ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ, ನಡುಕ ನಿಲ್ಲುವ ತನಕ.

"ಹನ್ನೊಂದು ರೀ."

"ಆಗಲೂ ಇದ ದಿನಮಾನ."

"ಹೌದ್ರೀ."

ಅಜ್ಜಾರು ಬೇಳೆಯಲ್ಲಿ ಒಂದು ಹರಳು ಹೆಕ್ಕಿ ಅಂಗಳಕ್ಕೆ ಎಸೆದರು.

ಅಂದರೆ ಬಾವಿಯಲ್ಲಿ ನೀರು ಇದೆ. ಮೇಲೆ ಬರುತ್ತಿಲ್ಲ, ಅಷ್ಟೇ. ದ್ಯಾಮಣ್ಣನಿಗೆ ಹೋದ ಜೀವ ಬಂದ ಹಾಗಾಯಿತು. ಹಾಗಾದರೆ ದೋಷ ನನ್ನ ಕೈಗೆ ಸಿಗುವಂಥದ್ದೇ ಎಂದು ಹುರುಪಿನಿಂದ ಎದ್ದ.

ಮರುದಿನ ಟಾಕಿಯಿಂದ ಶುರು ಮಾಡಿದ. ಬಾಲ್‌ಕಾಕ್ ಬದಲಿಸಿದ. ಪೈಪಿನ ಜೋಡಣೆಗಳನ್ನೆಲ್ಲ ಬಿಚ್ಚಿ ದಾರ ಸುತ್ತಿ ಮತ್ತೆ ಬಿಗಿದ. ಬಾವಿಯೊಳಗಿನ ಕಟ್ಟೆಯ ಮೇಲೆ ಕುಂತು ಮೋಟಾರು ಬಿಚ್ಚಿ, ತೊಳೆದು, ಗ್ರೀಸ್ ತುಂಬಿ ಕೂಡಿಸಿದ. ಅವನ ಕೈ ಎಷ್ಟು ಚಲೋ ಎಂದರೆ ಮೋಟಾರು ಹೊಸದರ ಹಾಗೆ ಗುಂಯ್‌ಗುಡಲು ಹತ್ತಿತು.

ನೀರು ಮಾತ್ರ ಅದೇ ಬೆರಳು ಗಾತ್ರ.

"ಅಜ್ಜಾರ, ಟಾಕಿ ನೋಡಿದೆ, ಪೈಪ್ ನೋಡಿದೆ, ಮೋಟಾರ್ ನೋಡಿದೆ. ಎಲ್ಲೂ ಏನೂ ದೋಷ ಇಲ್ರೀ."

"ಮೋಟಾರಿನ ಕೆಳಗ?"

"ಕೆಳಗ ಬಾವಿ ಐತ್ರೀ."

"ನೋಡಿದೇನು?"

"ದಿನಾ ನೋಡ್ತೀನ್ರೀ. ದಿನಾ ಕೈ ಮುಗೀತೀನಿ."

"ಕೈ ಮುಗಿಯೂ ಮುಂದ ಕಣ್ಣು ತಗದಿರ್ತಿಯೋ, ಮುಚ್ಚಿರ್ತಿಯೋ?"

"ಮುಚ್ಚಿರ್ತೀನ್ರೀ."

"ಹೂಂ," ಎಂದು ಅಜ್ಜಾರು ಕೋಲು ಹುಡುಕಿಕೊಂಡು ಎದ್ದು ಹೋದರು.

ದ್ಯಾಮಣ್ಣ ಮಾರನೇ ದಿನವೆಲ್ಲ ಬಾವಿಯ ಸುತ್ತ ತಿರುಗಿದ. ಮೋಟಾರಿನ ಪೈಪು ನೀರಿನೊಳಗೆ ಎರಡಾಳು ಆಳಕ್ಕೆ ಇಳಿದಿತ್ತು. ಅದರ ತುದಿಗೆ ಕಬ್ಬಿಣದ ಒಂದು ಬುಟ್ಟಿಯಂಥದು. ಅದರೊಳಗೆ ಒಂದು ಮುಚ್ಚಳ, ನೀರನ್ನು ಮೇಲೆ ಬಿಡುತ್ತದೆ, ಕೆಳಗೆ ಬಿಡುವುದಿಲ್ಲ. ಪ್ಯಾಟಿಯವರು ಫೂಟ್‌ವಾಲ್ವ್ ಅನ್ನುತ್ತಾರೆ, ನಮ್ಮ ರೈತರು ಫುಟ್ಬಾಲ್ ಅಂದುಬಿಡುತ್ತಾರೆ. ಗಾಳಿ ಹಿಡಿಯುವ ಪೈಪಿಗೆ ಮೊದಲು ನೋಡಬೇಕಾದದ್ದು ಅದನ್ನೇ. ಪ್ಯಾಟಿಯಲ್ಲಿದ್ದಾಗ ಹತ್ತಾರು ಮಂದಿಗೆ ಇದನ್ನೇ ಹೇಳಿದವನು ಇವನು.

ಗೊತ್ತಿತ್ತು. ಆದರೂ ಇಳಿಯಲಿಲ್ಲ. ಅವ್ವನ ಮೈಮೇಲೆ ಕಾಲಿಡುವುದು ಹ್ಯಾಗೆ?

ಅಮಾವಾಸ್ಯೆಯ ಹಿಂದಿನ ದಿನ ಬೆಳಕು ಹರಿಯುವಾಗ ದ್ಯಾಮಣ್ಣ ಎದ್ದು ಬಂದರೆ, ಬಾವಿಯ ಮೊದಲ ಮೆಟ್ಟಿಲ ಮೇಲೆ ಅಜ್ಜಾರು. ಧೋತರ ಕಚ್ಚೆ ಹಾಕಿ, ನಡುವಿಗೆ ಹಗ್ಗ ಸುತ್ತಿಕೊಂಡು, ಒಂದು ಕಾಲು ಎರಡನೇ ಮೆಟ್ಟಿಲಿಗೆ ಚಾಚಿದ್ದರು.

"ಅಜ್ಜಾರ! ಏನ್ ಮಾಡಾಕತ್ತೀರಿ?"

"ಇಳ್ಯಾಕತ್ತೀನಿ."

"ಈ ವಯಸ್ಸಿನ್ಯಾಗ? ಬ್ಯಾಡ್ರೀ, ನಿಮ್ಮ ಕಾಲು ಹಿಡಕೋತೀನಿ!"

"ಕಾಲು ಬಿಡು, ಬೀಳ್ತೀನಿ. ಯಾರರ ಇಳೀಬೇಕಲಾ?"

"ಗಂಗವ್ವ್ರೀ ಅಕಿ. ನನ್ನ ಜೀವಾ ಉಳಿಸಿದಾಕಿ. ಅಕಿ ಮೈಮ್ಯಾಲ ಹೆಂಗ ಕಾಲಿಡೂದು?"

"ನಿಮ್ಮವ್ವನ ತಲ್ಯಾಗ ಹೇನು ಬಿದ್ದು ತುರಸ್ಕೋತ ಕುಂತ್ರ, ನೀ ದೂರ ನಿಂತು ಕೈ ಮುಗೀತಿದ್ದ್ಯಾ?"

ದ್ಯಾಮಣ್ಣ ಅಜ್ಜಾರ ನಡುವಿನ ಹಗ್ಗ ಬಿಚ್ಚಿ ತನ್ನ ನಡುವಿಗೆ ಕಟ್ಟಿಕೊಂಡ. ಹನ್ನೊಂದು ಮೆಟ್ಟಿಲು ಇಳಿದ. ಕಡೆಯ ಮೆಟ್ಟಿಲಲ್ಲಿ ಕೈ ಮುಗಿಯಲು ಹೋದವನು ಮೇಲೆ ನೋಡಿದ.

"ಕಣ್ಣು ತಕ್ಕೊಂಡ ಇಳೀ," ಅಂದರು ಅಜ್ಜಾರು.

ನೀರು ತಣ್ಣಗಿತ್ತು. ಪೈಪು ಹಿಡಿದುಕೊಂಡೇ ತಳಕ್ಕೆ ಮುಳುಗಿದ. ಕೈಗೆ ಏನೋ ಮೆತ್ತಗೆ ತಾಗಿತು. ಹಿಡಿದು ಜಗ್ಗಿದ, ಬರಲಿಲ್ಲ. ಉಸಿರು ಕಟ್ಟಿ ಮೇಲೆ ಬಂದ. ಮತ್ತೆ ಮುಳುಗಿದ. ಮೂರನೇ ಸಲ ಕಾಲು ಊರಿ ಜಗ್ಗಿದಾಗ ಅದು ಕಿತ್ತು ಬಂತು.

ಬೆಳಕಿಗೆ ಹಿಡಿದು ನೋಡಿದ. ಒಂದು ಖಣ. ಹಸಿರು ಮೈ, ಕೆಂಪು ಅಂಚು. ಒಂದು ಮೂಲೆಯಲ್ಲಿ ಗಂಟು, ಗಂಟಿನೊಳಗೆ ಕಲ್ಲು.

ಅದು ದಸರೆಯ ಶುಕ್ರವಾರದ್ದು. ಅವನಿಗೆ ಚೆನ್ನಾಗಿ ನೆನಪಿತ್ತು. ಹಸಿರು ಅವ್ವಗೆ ಒಪ್ಪುತ್ತದೆ ಎಂದು ಅಂಗಡಿಯಲ್ಲಿ ಆರಿಸಿ ತಂದಿದ್ದ.

ಮುಳುಗಿದ ಹಾಗೆಲ್ಲ ಒಂದೊಂದು ಬಂತು. ಹಳದಿ, ನೇರಳೆ, ಕಪ್ಪು ಅಂಚಿನ ಬಿಳಿ. ಕೆಲವು ಕೊಳೆತು ಲೋಳೆಯಾಗಿದ್ದವು. ಕೊಬ್ಬರಿ ನಾರುತ್ತಿತ್ತು. ಮುಚ್ಚಳದ ಬಾಯಿಗೇ ಒಂದು ಕೆಂಪು ಖಣ ಸಿಕ್ಕಿಕೊಂಡಿತ್ತು, ಪೂರಾ ತೆರೆಯಲೂ ಬಿಡದೆ, ಪೂರಾ ಮುಚ್ಚಲೂ ಬಿಡದೆ. ಹಗಲು ಮೋಟಾರು ಜಗ್ಗುವಾಗ ನೀರು ತಡೆದದ್ದು ಅದು. ಇರುಳು ಪೈಪಿನ ನೀರು ಸೋರಿಹೋಗಿ ಗಾಳಿ ತುಂಬಿದ್ದೂ ಅದರಿಂದಲೇ.

ನೂರರ ಹತ್ತಿರ ಶುಕ್ರವಾರಗಳು ಬಾವಿಯ ಕಟ್ಟೆಯ ಮೇಲೆ ರಾಶಿ ಬಿದ್ದವು.

ದ್ಯಾಮಣ್ಣ ಹನ್ನೊಂದನೇ ಮೆಟ್ಟಿಲ ಮೇಲೆ ಕುಂತು ಗಳಗಳ ಅತ್ತುಬಿಟ್ಟ. ಹೆಂಡತಿ ಬಿಟ್ಟು ಹೋದಾಗಲೂ ಹೀಗೆ ಅತ್ತಿರಲಿಲ್ಲ.

"ನಾನ ಕೊಂದ್ನ್ಯಲ್ರೀ ಅಜ್ಜಾರ. ಅಕಿ ಗಂಟಲಕ್ಕ ನಾನ ಅರವಿ ತುರುಕಿದ್ನಿ. ಗೌಡ್ರು ಬಾವಿ ಸತ್ತೈತಿ ಅನ್ನೂ ಹಂಗ ಮಾಡಿದಾಂವ ನಾನ."

ಅಜ್ಜಾರು ಮೊದಲ ಮೆಟ್ಟಿಲ ಮೇಲೆ ಕುಂತರು.

ಸದ್ದು ಕೇಳಿ ಕಲ್ಲವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ರಾಶಿ ನೋಡಿ ನಿಂತಳು.

"ಯವ್ವಾ ನನ್ನವ್ವಾ! ಬಾವ್ಯಾಗ ಅರವಿ ಅಂಗಡಿ ಇಟ್ಟಿದ್ದೇನೋ ನಮ್ಮಪ್ಪಾ? ಇಲ್ಲಿ ನನ್ನ ಕುಬಸ ಬಗಲಾಗ ಹರದು ಮೂರು ತಿಂಗಳಾತು, ತ್ಯಾಪಿ ಹಚ್ಚಿ ಹಚ್ಚಿ ಸಾಕಾಗೈತಿ!"

ಆಮೇಲೆ ರಾಶಿಯ ಅಡಿಯಿಂದ ಒಂದು ಸೊಟ್ಟ ಬಕೀಟು ಎಳೆದಳು.

"ಇದು ನನ್ನ ಬಕೀಟ! ಹೋದ ವರ್ಷ ನೀನ ಕಳದಿ ಅಂತ ಬೈದಿದ್ನಿ. ತಪ್ಪಾತಪಾ ತಮ್ಮಾ."

ಅಳುವಿನ ನಡುವೆ ದ್ಯಾಮಣ್ಣನಿಗೆ ನಗು ಬಂದುಬಿಟ್ಟಿತು. ಅಜ್ಜಾರೂ ಇದ್ದ ಮೂರು ಹಲ್ಲು ತೋರಿಸಿ ನಕ್ಕರು.

"ಅಜ್ಜಾರ, ನಿಮಗ ಗೊತ್ತಿತ್ತೇನ್ರೀ?"

"ನೀ ಶುಕ್ರವಾರ ಶುಕ್ರವಾರ ಕೈ ಮುಗಿಯೂದು ಗೊತ್ತಿತ್ತು. ತಳದಾಗ ಏನಾಗೈತಿ ಅನ್ನೂದು ನನಗೇನು ಗೊತ್ತು? ನಾನೂ ಇಳದಿದ್ದಿಲ್ಲ."

"ಮತ್ತ ನನಗ ಯಾಕ ಬೈಲಿಲ್ರೀ?"

"ಬೈದ್ರ ಫುಟ್ಬಾಲ್ ಸುದ್ದ ಆಗ್ತಿತ್ತೇನು? ಏಳು. ಮೋಟಾರ್ ಚಾಲೂ ಮಾಡು. ಹಳೇ ನೀರೆಲ್ಲ ಹೊರಗ ಹೋಗಲಿ."

ಅವನು ಎದ್ದು, ಪೈಪಿಗೆ ಎರಡು ಕೊಡ ನೀರು ಸುರಿದು ಬಟನ್ ಒತ್ತಿದ. ಪೈಪು ಒಮ್ಮೆ ಕೆಮ್ಮಿತು, ಆಮೇಲೆ ತೋಳು ಗಾತ್ರದ ನೀರು ಧಡಧಡ ಬಿತ್ತು. ದ್ಯಾಮಣ್ಣ ಆ ನೀರಿಗೆ ಕೈ ಒಡ್ಡಿ ನಿಂತ. ಅವನಿಗೆ ಆದ ಸಂತೋಷ ನಾನು ಹೇಳಲಾರೆ.

ನಾರುವ ನೀರನ್ನೆಲ್ಲ ನುಗ್ಗೆ ಗಿಡಗಳಿಗೆ, ಬಾಳೆಗೆ ಬಿಟ್ಟ. ಇಳಿಹೊತ್ತಿಗೆ ಬಾವಿಯ ತಳ ಕಂಡಿತು. ಕೆಳಗಿಳಿದು ಕೆಸರು ಬಳಿದ, ಕಲ್ಲು ಆರಿಸಿದ, ಫುಟ್ಬಾಲ್ ಉಜ್ಜಿ ತೊಳೆದ. ಆಗ ಮೂಡಣ ಮೂಲೆಯ ಬಂಡೆಯ ಬಿರುಕಿನಲ್ಲಿ ಅದನ್ನು ಕಂಡ. ಒಂದು ಸಣ್ಣ ಸೆಲೆ. ಹೆಬ್ಬೆರಳು ಗಾತ್ರದ್ದು, ಸದ್ದಿಲ್ಲದೆ ಚಿಮ್ಮುತ್ತಲೇ ಇತ್ತು.

ಎರಡು ವರ್ಷ ಕೈ ಮುಗಿದಿದ್ದ. ಮುಖ ನೋಡಿದ್ದು ಈಗ.

"ಯವ್ವಾ," ಅಂದ. ಕೈ ಕೆಸರಾಗಿತ್ತು, ಮುಗಿಯಲೂ ಆಗಲಿಲ್ಲ.

ಮರುದಿನ ನಸುಕಿನಲ್ಲಿ ಎದ್ದು ಮೆಟ್ಟಿಲು ಎಣಿಸಿದ. ಹನ್ನೊಂದು. ಆಮೇಲೆ ತಿಳಿ ನೀರು. ಮೋಟಾರು ಹಚ್ಚಿದರೆ ಒಂದು ಕೊಡ ಸುರಿಯುವ ಕೆಲಸವೂ ಇಲ್ಲ. ಕಲ್ಲವ್ವನ ನಲವತ್ತನೇ ರೊಟ್ಟಿಗೆ ಟಾಕಿ ತುಂಬಿ ತುಳುಕಿತು.

ಅವತ್ತು ಅಮಾವಾಸ್ಯೆ. ಶುಕ್ರವಾರವೂ ಹೌದು.

ರೂಢಿಯಂತೆ ದ್ಯಾಮಣ್ಣ ಮೊದಲೇ ತಂದಿಟ್ಟಿದ್ದ ಖಣ ಹಿಡಿದು ಬಾವಿಯ ತನಕ ಹೋದ. ನಿಂತ. ಗಂಟಿನೊಳಗಿನ ಕಲ್ಲು ತೆಗೆದು ಬಿಸಾಡಿದ. ತಿರುಗಿ ಅಡುಗೆಮನೆಗೆ ಬಂದ.

"ಯಕ್ಕಾ, ಉಡಿ ಒಡ್ಡು."

ಕಲ್ಲವ್ವ ಏನೋ ಚೇಷ್ಟೆ ಮಾಡಲು ಬಾಯಿ ತೆಗೆದಳು. ಅವನ ಮುಖ ನೋಡಿ ಮುಚ್ಚಿದಳು.

"ನನಗೇನೋ? ನಾ ಗಂಡನ್ನ ಕಳಕೊಂಡಾಕಿ."

"ಒಡ್ಡು ಬೇ."

ಸೆರಗು ಒಡ್ಡಿದಳು. ಅವನು ಖಣ ಹಾಕಿದ, ಕೊಬ್ಬರಿ, ಉತ್ತತ್ತಿ, ಅರಿಷಿಣದ ಕೊಂಬು ಹಾಕಿದ.

"ನನಗ ಉಡಿ ತುಂಬಿ ಹದಿನೆಂಟು ವರ್ಷಾತೋ ತಮ್ಮಾ," ಅಂದಳು ಕಲ್ಲವ್ವ. ಅಷ್ಟು ಹೇಳಿ ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಹೊಗೆ ಅಂದಳು. ಒಲೆಯಲ್ಲಿ ಹೊಗೆ ಇರಲಿಲ್ಲ.

ಮಧ್ಯಾಹ್ನ ಅಂಗಳದ ತುಂಬ ಪಂಕ್ತಿಗಳು ಕುಂತವು. ದ್ಯಾಮಣ್ಣ ನೀರಿನ ಕೊಡ ಹೆಗಲಿಗೇರಿಸಿ ಓಡಾಡಿದ. ಫಕೀರಗೌಡ್ರು ಒಂದು ಲೋಟ ಕುಡಿದರು, ಇನ್ನೊಂದು ಕುಡಿದರು.

"ಯಾವ ನೀರೋ ಇದು?"

"ಬಾವೀದ್ರೀ ಗೌಡ್ರ."

"ಸತ್ತಿತ್ತಲ್ಲೋ!"

"ಇಲ್ರೀ. ಅಕಿ ಸುದ್ದ ಇದ್ಲು. ತಪ್ಪು ನಂದಿತ್ತು." ಐನೂರು ಮಂದಿ ಕೇಳುವ ಹಾಗೆ ಹೇಳಿದ.

ಗೌಡ್ರು ಪೆಚ್ಚಾದರು. "ಹಂಗಾರ ನನ್ನ ಹರಕಿ ಏನ್ ಮಾಡ್ಲ್ರೀ ಅಜ್ಜಾರ?"

"ಬಾವಿ ಬಾಯಿಗೆ ಒಂದು ಕಬ್ಬಿಣದ ಜಾಳಗಿ ಹಾಕಸ್ರಿ. ಬೆಳಕು ಒಳಗ ಹೋಗಲಿ, ಉಡಿ ಹೊರಗ ಉಳೀಲಿ."

ಗೌಡ್ರು ನಕ್ಕರು. ಅಲ್ಲೇ ಬೋರಿನ ಗಾಡಿಯವನಿಗೆ ಫೋನ್ ಹಚ್ಚಿ ಬರಬೇಡ ಅಂದರು.

ಕಡೆಯ ಪಂಕ್ತಿ ಏಳುವ ಹೊತ್ತಿಗೆ ಅಜ್ಜಾರು ನೀರು ಕೇಳಿದರು. ದ್ಯಾಮಣ್ಣ ಅದೇ ಹಳೆಯ ತಂಬಿಗೆಯಲ್ಲಿ ತಂದುಕೊಟ್ಟು, ಪಕ್ಕದಲ್ಲಿ ಕುಂತ. ಬೆಳಗಿನಿಂದ ಬಾಯಿಗೆ ಬಂದು ಹಿಂದೆ ಹೋಗುತ್ತಿದ್ದ ಮಾತು ಈಗ ಹೊರಬಿತ್ತು.

"ಅಜ್ಜಾರ, ಒಂದು ಕೇಳ್ಲೇನ್ರೀ? ನನ್ನ ಬದುಕಿಸಿದ ನೀರು ಅದು. ಉಡಿ ಹಾಕಿದ್ರ ಗಂಟಲ ಕಟ್ತು. ಕೈ ಮುಗದ್ರ ಕಣ್ಣು ಮುಚ್ತು. ಮತ್ತ ಅಕಿ ಉಪಕಾರ ನಾ ಹೆಂಗ ತೀರಸ್ಲಿ?"

ಅಜ್ಜಾರು ತಂಬಿಗೆ ಎತ್ತಿ ಗಟಗಟ ಕುಡಿದರು. ಮೀಸೆ ಒರೆಸಿಕೊಂಡರು. ಖಾಲಿ ತಂಬಿಗೆಯನ್ನು ಅವನ ಕೈಗೆ ಕೊಟ್ಟು, ಮಠದ ಬಾಗಿಲಾಚೆ ಕೈ ತೋರಿಸಿದರು.

"ಅಲ್ಲಿ ಕಟ್ಟಿ ಮ್ಯಾಲ ಯಾವನೋ ಬಂದು ಬಿದ್ದಾನ ನೋಡು. ತಲಿ ಎತ್ತಿ ಹಿಡದು ಕುಡಸು."